ತಂತಿಯೂ ನಿಸ್ತಂತುವೂ

ಶಬ್ದವು ಆಕಾಶದ ಗುಣವೆಂಬುದು ನಮ್ಮ ತಾರ್ಕಿಕರ ಮತ. ಅದು ಹುಟ್ಟಿದ ಸ್ಥಳದಿಂದ ಕಿವಿಯನ್ನು ಮುಟ್ಟುವ ಬಗೆಗೆ ಅವರು ಎರಡು ದೃಷ್ಟಾಂತಗಳನ್ನು ಕೊಡುವರು. ನೀರಿನಲ್ಲಿ ಒಂದು ಅಲೆಯು ಮತ್ತೊಂದನ್ನು ಎಬ್ಬಿಸುವಂತೆ ಎಂಬುದು ವೀಚೀತರಂಗನ್ಯಾಯ. ಕದಂಬದ ಮೊಗ್ಗಿನ ಕೇಸರಗಳು ಎಲ್ಲ ದಿಕ್ಕುಗಳಿಗೂ ಚಾಚುವಂತೆ ಎಂಬುದು ಕದಂಬಮುಕುಲನ್ಯಾಯ. ಪಾಠಶಾಲೆಯಲ್ಲಿ ಕಂಠಪಾಠ ಮಾಡಿದ ಈ ನ್ಯಾಯಗಳು, ಅರುವತ್ತು ದಾಟಿದ ಮೇಲೆ, ಮನೆಯಲ್ಲಿ ನಿಸ್ತಂತು ರೌಟರನ್ನು ಹೂಡುವಾಗ ಉಪಯೋಗಕ್ಕೆ ಬರುವುವೆಂದು ಯಾರು ಬಲ್ಲರು?

ನಮ್ಮ ಮನೆಗೆ ಅಂತರ್ಜಾಲವು ತಂತಿಯ ಮೂಲಕವೇ ಬಂದಿತು. ನಡುಮನೆಯ ಪೆಟ್ಟಿಗೆಯಿಂದ ಒಂದು ತಂತಿಯು ನನ್ನ ಓದುವ ಕೋಣೆಗೂ ಮತ್ತೊಂದು ಹಿಂದಣ ಕೋಣೆಗೂ ಹೋಗಿರುವುವು. ಹೊದಿಕೆಯೊಳಗೆ ಎಂಟು ತಾಮ್ರದ ಎಳೆಗಳು ಎರಡೆರಡಾಗಿ ಹೆಣೆದುಕೊಂಡಿರುವುವು. ಆ ಹೆಣಿಗೆಯೇ ಹೊರಗಿನ ಕ್ಷೋಭೆಯನ್ನು ತಡೆಯುವುದು. 100 ಮೀಟರು ದೂರದವರೆಗೆ ಸಂದೇಶವನ್ನು ಕೆಡದಂತೆ ಒಯ್ಯಬಲ್ಲ ಈ ತಂತಿಯಲ್ಲಿ ನನಗೆ ಈಗಲೂ ಗೌರವವುಂಟು. ಗುರುವು ಶಿಷ್ಯನ ಕಿವಿಯಲ್ಲಿ ಉಸುರುವ ಉಪದೇಶದಂತೆ ಅದು ಸೇರತಕ್ಕವನನ್ನೇ ಸೇರುವುದು.

ಆದರೆ ಕಳೆದ ಮಳೆಗಾಲದಲ್ಲಿ ನನ್ನ ಪತ್ನಿಯು ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡು ಹಿಂದಣ ಕೋಣೆಯಲ್ಲಿ ಮಲಗಿದಳು. ಪರದೇಶದಲ್ಲಿರುವ ಮಗಳ ಮುಖವು ಪ್ರತಿ ಸಂಜೆ ನನ್ನ ಮೇಜಿನ ಯಂತ್ರದಲ್ಲಿ ಮೂಡುವುದು. ಅಲ್ಲಿಗೆ ತಾಯಿ ಬರಲಾರಳು. ಕೈಯಲ್ಲಿ ಹಿಡಿಯುವ ಫಲಕಕ್ಕೆ ತಂತಿಯಿಲ್ಲ. ಮೊಳದಪ್ಪದ ಮಣ್ಣಿನ ಗೋಡೆಗಳನ್ನು ದಾಟಿ ಮೊಬೈಲಿನ ಸಂಕೇತವು ಒಳಬಾರದು. ನಾನು ಎರಡೂ ಕಡೆಯ ಮಾತುಗಳನ್ನು ಹೊತ್ತು ತಿರುಗುವ ದೂತನಾದೆನು. ದೂತನು ಎಷ್ಟು ನಿಷ್ಠನಾದರೂ ಮಗಳ ನಗುವನ್ನು ಹೊತ್ತು ತರಬಲ್ಲನೆ?

ಹಳೆಯದನ್ನೆಲ್ಲ ಕಿತ್ತು ಹೊಸತನ್ನೇ ಹಾಕಿಸಿರೆಂದು ಕೆಲವರು ಬುದ್ಧಿ ಹೇಳಿದರು. ಅದು ಅನಾವಶ್ಯಕ. ಹಿಂದಣ ಕೋಣೆಯ ತಂತಿಯ ತುದಿಗೇ ಹೊಸ ರೌಟರನ್ನು ಸೇರಿಸಿದರೆ ಸಾಕು. ಇಲ್ಲಿ ಒಂದು ಸೂಕ್ಷ್ಮವುಂಟು. ಮನೆಯ ಪ್ರತಿಯೊಂದು ಯಂತ್ರಕ್ಕೂ ಸಂಖ್ಯಾರೂಪವಾದ ವಿಳಾಸವನ್ನು ಹಂಚುವ ಕೆಲಸಕ್ಕೆ ಡಿ.ಎಚ್.ಸಿ.ಪಿ. ಎಂದು ಹೆಸರು. ಹಳೆಯ ಪೆಟ್ಟಿಗೆಯು ಅದನ್ನು ಮಾಡುತ್ತಲೇ ಇರುವುದು. ಹೊಸತೂ ತಾನೇ ಯಜಮಾನನೆಂದು ಹಂಚಲು ತೊಡಗಿದರೆ ವ್ಯವಹಾರವು ಕೆಡುವುದು. ಆದುದರಿಂದ ಹೊಸದರ ಈ ಅಧಿಕಾರವನ್ನು ಮೊದಲೇ ನಿಲ್ಲಿಸಬೇಕು. ಹಳೆಯದರ ವಿಳಾಸವು 192.168.1.1 ಆಗಿದ್ದರೆ ಹೊಸದಕ್ಕೆ, ಬೇರೆ ಯಾವ ಯಂತ್ರಕ್ಕೂ ಕೊಡದಿರುವ, 192.168.1.2ರಂತಹ ವಿಳಾಸವನ್ನು ಕೊಡಬೇಕು. ಬಳಿಕ ತಂತಿಯನ್ನು ಹೊರಜಾಲಕ್ಕೆಂದು ಗುರುತಿಸಿದ ರಂಧ್ರಕ್ಕೆ ಸೇರಿಸದೆ ಒಳಜಾಲದ ರಂಧ್ರವೊಂದಕ್ಕೆ ಸೇರಿಸಬೇಕು. ಹೊರಜಾಲದ ರಂಧ್ರಕ್ಕೆ ಸೇರಿಸಿದರೂ ಕೆಲಸ ನಡೆದೀತು. ಆದರೆ ಮನೆಯೊಳಗೊಂದು ಬೇರೆ ಸಂಸಾರವಾಗಿ, ಅಲ್ಲಿನ ಯಂತ್ರಗಳನ್ನು ಇಲ್ಲಿನವು ಸುಲಭವಾಗಿ ಕಾಣಲಾರವು.

ಅಲೆಗಳಲ್ಲಿಯೂ ಎರಡು ಬಗೆ. 5 ಗಿಗಾಹರ್ಟ್ಸಿನದು ವೇಗಶಾಲಿ, ಗೋಡೆಯ ಮುಂದೆ ಬೇಗ ಸೋಲುವುದು, 2.4ರದು ನಿಧಾನಿ, ಆದರೆ ಗೋಡೆಯನ್ನು ಹೆಚ್ಚು ಚೆನ್ನಾಗಿ ದಾಟುವುದು. ಕದಂಬಕೇಸರಕ್ಕೆ ಬೇಲಿಯ ಪರಿವೆಯಿಲ್ಲವಾದುದರಿಂದ ಗುಪ್ತಪದವೂ ಬೇಕು.

ಇದರಲ್ಲೊಂದು ವಿನೋದವುಂಟು. ಬೆಳಕನ್ನು ಹೊರುವ 'ಈಥರ್' ಎಂಬ ದ್ರವ್ಯವು ಎಲ್ಲೆಡೆಯೂ ತುಂಬಿದೆಯೆಂದು ಪಶ್ಚಿಮದ ಪಂಡಿತರು ನಂಬಿದ್ದರು. 1887ರಲ್ಲಿ ಮೈಕಲ್‌ಸನ್ ಮತ್ತು ಮಾರ್ಲಿಯವರ ಪ್ರಯೋಗಕ್ಕೆ ಅದರ ಸುಳಿವು ಸಿಕ್ಕಲಿಲ್ಲ. 1973ರಲ್ಲಿ ಮೆಟ್‌ಕಾಫ್ ಎಂಬವರು ಆ ಹೆಸರನ್ನು ತಮ್ಮ ತಂತಿಯ ಜಾಲಕ್ಕಿಟ್ಟು 'ಈಥರ್ನೆಟ್' ಎಂದರು. ಆಕಾಶದ ಹೆಸರು ತಂತಿಗೆ ದಕ್ಕಿತು! 1935ರಲ್ಲಿ ಮೈಸೂರಿನ ಗೋಪಾಲಸ್ವಾಮಿಯವರು ತಮ್ಮ ಬಾನುಲಿಗೆ 'ಆಕಾಶವಾಣಿ'ಯೆಂದು ಹೆಸರಿಟ್ಟುದು ಇದಕ್ಕಿಂತ ಅನ್ವರ್ಥವಾಗಿತ್ತೆಂದು ನನ್ನೆಣಿಕೆ.

ಈಗ ತಾಯಿಮಗಳು ನನ್ನ ಹಂಗಿಲ್ಲದೆ ಮಾತನಾಡುವರು. ಮಗಳ ಮಾತು ಸಮುದ್ರದ ತಳದಲ್ಲಿ ಗಾಜಿನ ಎಳೆಯೊಳಗೆ ಬೆಳಕಾಗಿ ಹರಿದು, ತಾಮ್ರದಲ್ಲಿ ಹಿಂದಣ ಕೋಣೆಯನ್ನು ಸೇರಿ, ಕಡೆಯ ಎರಡು ಮಾರು ದೂರವನ್ನು ಮಾತ್ರ ನಿಸ್ತಂತುವಾಗಿ ದಾಟುವುದು. ಆ ಎರಡು ಮಾರನ್ನೇ ರೋಗಿಯು ನಡೆಯಲಾರದೆ ಇದ್ದುದು. ಹೊಸತು ಹಳೆಯದನ್ನು ಅಟ್ಟಲಿಲ್ಲ. ಅದು ನಿಂತಲ್ಲಿಂದ ಮುಂದಕ್ಕೆ ಕೈ ಚಾಚಿತು.