ಮೊದಲಿಗನ ಹಿಂದೆ ಮುಚ್ಚಿದ ಬಾಗಿಲು

ಅಮೆರಿಕನ್ ಫುಟ್‌ಬಾಲ್ ನಮ್ಮ ಕಾಲ್ಚೆಂಡಾಟವಲ್ಲ. ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಾಳಿಯನ್ನು ಕೆಡವುವ ಆಟ. ಅದರಲ್ಲಿ ತಂಡದ ದಾಳಿಯನ್ನು ಮುನ್ನಡೆಸುವವನೇ ಕ್ವಾರ್ಟರ್‌ಬ್ಯಾಕ್.

ಇಂದಿನ ಎನ್‌ಎಫ್‌ಎಲ್ ಲೀಗ್ 1920ರಲ್ಲಿ ಬೇರೆ ಹೆಸರಿನಿಂದ ಆರಂಭವಾದಾಗ, ಮೊದಲ ಪ್ರಶಸ್ತಿ ಗೆದ್ದ ಆಕ್ರನ್ ತಂಡದಲ್ಲಿ ಮಿಂಚಿದವರು ಷಿಕಾಗೋದ ಫ್ರಿಟ್ಸ್ ಪೊಲಾರ್ಡ್. 1921ರಲ್ಲಿ ಅವರು ತಂಡದ ತರಬೇತಿಯ ಹೊಣೆಯನ್ನೂ ಹೊತ್ತರು. 1923ರಲ್ಲಿ ಹ್ಯಾಮಂಡ್ ತಂಡದ ಕ್ವಾರ್ಟರ್‌ಬ್ಯಾಕ್ ಆದರು. ಕಪ್ಪುವರ್ಣೀಯರಲ್ಲಿ ಎರಡಕ್ಕೂ ಅವರೇ ಮೊದಲಿಗರು. ಮೈದಾನದಲ್ಲಿ ಬಿದ್ದೊಡನೆ ಅವರು ಅಂಗಾತ ಹೊರಳಿ ಕಾಲುಗಳನ್ನು ಮೇಲೆತ್ತಿ ಬೀಸುತ್ತಿದ್ದರಂತೆ. ಎದುರಾಳಿಗಳು ಮೈಮೇಲೆ ಬಿದ್ದು ಗಾಸಿಗೊಳಿಸದಿರಲು ಅದೊಂದೇ ಉಪಾಯ.

ಇತಿಹಾಸ ಬೋಧಿಸುತ್ತಿದ್ದ ನನಗೆ ‘ಮೊದಲಿಗ’ ಎಂಬ ಪದದ ಬಗ್ಗೆ ಸದಾ ಒಂದು ಅಳುಕು. ಮೊದಲಿಗರ ಪಟ್ಟಿಯನ್ನು ಬಾಯಿಪಾಠ ಮಾಡುವ ಮಕ್ಕಳು, ಅವರು ತೆರೆದ ಬಾಗಿಲು ತೆರೆದೇ ಉಳಿಯಿತೆಂದು ಭಾವಿಸುತ್ತಾರೆ. ಇಲ್ಲಿ ಹಾಗಾಗಲಿಲ್ಲ. 1934ರಿಂದ 1945ರವರೆಗೆ ಆ ಲೀಗಿನಲ್ಲಿ ಒಬ್ಬನೇ ಒಬ್ಬ ಕಪ್ಪು ಆಟಗಾರನಿರಲಿಲ್ಲ. ಪೊಲಾರ್ಡ್ 1986ರಲ್ಲಿ ತೀರಿಕೊಂಡರು. ಲೀಗಿನ ಎರಡನೆಯ ಕಪ್ಪು ಮುಖ್ಯ ತರಬೇತುದಾರ ಆರ್ಟ್ ಶೆಲ್ ಬಂದದ್ದು 1989ರಲ್ಲಿ! ವೃತ್ತಿಪರ ಫುಟ್‌ಬಾಲಿನ ಕೀರ್ತಿಭವನ ಪೊಲಾರ್ಡರ ಹೆಸರನ್ನು ಸೇರಿಸಿಕೊಂಡದ್ದು 2005ರಲ್ಲಿ.

ಮೊದಲು ಬಂದವರಾರು ಎಂಬ ಪ್ರಶ್ನೆಗೆ ಒಂದು ಅಂಕ ಸಾಕು. ಎರಡನೆಯವರು ಎಷ್ಟು ವರ್ಷ ಕಾಯಬೇಕಾಯಿತು, ಏಕೆ ಎಂಬ ಪ್ರಶ್ನೆಯೇ ನಿಜವಾದ ಇತಿಹಾಸ.