ಕುರುಹು, ಕಟ್ಟು ಮತ್ತು ಕರಡಿಗೆ



ವಚನ ಸಾಹಿತ್ಯದಲ್ಲಿ 'ಅರಿವು' ಮತ್ತು 'ಕುರುಹು' ಎಂಬ ಎರಡು ಶಬ್ದಗಳು ಜೊತೆಜೊತೆಯಾಗಿ ಬರುತ್ತವೆ. ಅರಿವೆಂದರೆ ಅಂತರಂಗದ ತಿಳಿವು. ಕುರುಹೆಂದರೆ ಆ ತಿಳಿವನ್ನು ಎಚ್ಚರವಾಗಿಡಲು ಕಣ್ಣೆದುರು ನಿಂತ ಗುರುತು. ಅಂಗೈಯೊಳಗಿನ ಇಷ್ಟಲಿಂಗವು ಅರಿವಿನ ಕುರುಹು. ಕುರುಹು ಇಲ್ಲದಿದ್ದರೆ ಸಾಧಕನ ಮನಸ್ಸು ನಿಲ್ಲುವುದಕ್ಕೆ ತಾವಿಲ್ಲ. ಕುರುಹಿನಲ್ಲಿಯೇ ನಿಂತುಬಿಟ್ಟರೆ ಅರಿವು ಬೆಳೆಯುವುದಿಲ್ಲ. ಅಲ್ಲಮಪ್ರಭುದೇವರು ಮತ್ತೆ ಮತ್ತೆ ಎಚ್ಚರಿಸುವುದು ಈ ಎರಡನೆಯ ಅಪಾಯವನ್ನು ಕುರಿತು. ಇದೇ ತತ್ತ್ವವು ವಾಡಿಯ ಒಂದು ಸಣ್ಣ ಅಂಗಡಿಯಲ್ಲಿ, ವೃದ್ಧ ತಾಯಿಯೊಬ್ಬಳ ಪ್ರಶ್ನೆಯಾಗಿ ಎದ್ದು ನಿಂತ ಪ್ರಸಂಗವೊಂದು ಇಲ್ಲಿದೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಈ ಯಾವ ಊರಿನ ಪೇಟೆಗೆ ಹೋದರೂ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಇದ್ದೇ ಇರುತ್ತದೆ. ಗೋಡೆಯ ಮೇಲೆ ಬಸವಣ್ಣನವರು, ಕಲಬುರಗಿಯ ಶರಣಬಸವೇಶ್ವರರು, ಬಾಬಾಸಾಹೇಬ ಅಂಬೇಡ್ಕರರು, ಬಂದೇನವಾಜರ ದರ್ಗಾ ಎಲ್ಲವೂ ಒಂದೇ ಸಾಲಿನಲ್ಲಿ ತೂಗುತ್ತಿರುತ್ತವೆ. 2024ರಲ್ಲಿ ರಾಜ್ಯ ಸರಕಾರವು ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕರೆಂದು ಘೋಷಿಸಿ, ಸರಕಾರಿ ಕಚೇರಿಗಳಲ್ಲಿ ಅವರ ಭಾವಚಿತ್ರವನ್ನು ಹಾಕಲು ಆದೇಶಿಸಿತು. ಅಂಥ ಚಿತ್ರಗಳಿಗೆ ಅಳತೆ ಒಂದೇ, ಪಟ್ಟಿ ಒಂದೇ. ಕೆಲಸ ಬೇಗ ಮುಗಿಯುತ್ತದೆ. ಅಂಗಡಿಯ ಮುಂದೆ ಬಹಳ ಹೊತ್ತು ನಿಲ್ಲುವವರು ಬೇರೆ. ಅವರು ತರುವ ವಸ್ತು ಲೋಕದಲ್ಲಿ ಒಂದೇ ಇರುತ್ತದೆ: ತೀರಿಹೋದ ತಾಯಿ ಹೊಲಿದ ಕೌದಿಯ ತುಂಡು, ಮೊದಲ ಮಗುವಿನ ಖಣದ ಕುಲಾವಿ, ತಂದೆಯ ಏಕೈಕ ಭಾವಚಿತ್ರ. ಪೇಟೆಯ ಸಿದ್ಧ ಚೌಕಟ್ಟು ಅದಕ್ಕೆ ಹೊಂದುವುದಿಲ್ಲ. ಅಳೆದು, ಕೇಳಿ, ಯೋಚಿಸಿ ಮಾಡಬೇಕು. ಹಣ ಹೆಚ್ಚಾದರೂ ಆ ಗಿರಾಕಿಗಳು ಚೌಕಾಸಿ ಮಾಡುವುದು ಕಡಿಮೆ.

ಚಿಂಚೋಳಿ ತಾಲ್ಲೂಕಿನ ಆ ತಾಯಿಗೆ ಎಪ್ಪತ್ತು ದಾಟಿತ್ತು. ಆಕೆಯ ಪತಿ ಪ್ರಾಯದಲ್ಲಿ ಶಹಾಬಾದದ ಕಲ್ಲಿನ ಖಣಿಗಳಲ್ಲಿ ದುಡಿದವರು. ಪದರು ಪದರಾಗಿ ಮಲಗಿದ ಸುಣ್ಣಕಲ್ಲನ್ನು ಒಡೆಯದಂತೆ ಎಬ್ಬಿಸಿ ಪರಸಿ ತೆಗೆಯುವುದು ಅವರ ಕಾಯಕ. ಎಷ್ಟೋ ಊರುಗಳ ಮನೆಗಳ ನೆಲಕ್ಕೆ ಹಾಸಿದ ಶಹಾಬಾದ ಕಲ್ಲು ಅಂಥ ಕೈಗಳಿಂದಲೇ ಎದ್ದು ಬಂದದ್ದು. ಹಗಲು ಕಲ್ಲಿನ ಪದರು ಬಿಡಿಸಿದ ಆ ಕೈ ರಾತ್ರಿ ಕಂದೀಲಿನ ಬೆಳಕಿನಲ್ಲಿ ಒಂದು ಉದ್ದನೆಯ ವಹಿಯಲ್ಲಿ ಶರಣರ ವಚನಗಳನ್ನು ನಕಲು ಮಾಡುತ್ತಿತ್ತು. ಊರಿಗೆ ಮರಳಿದ ಮೇಲೆ, ನಲವತ್ತು ವರ್ಷದ ಹೆಂಡತಿಗೆ ಅವರು ಅಕ್ಷರ ಕಲಿಸಿದ್ದೂ ಅದೇ ವಹಿಯಲ್ಲಿ. ಒಂದು ಸಾಲು ಅವರದು, ಅದರ ಕೆಳಗೆ ಸೊಟ್ಟಸೊಟ್ಟಾಗಿ ಆಕೆಯದು. ಅವರು ಲಿಂಗೈಕ್ಯರಾದ ಬಳಿಕ ದಿನವೂ ಸಂಜೆ ಲಿಂಗಪೂಜೆ ಮುಗಿಸಿ, ವಿಭೂತಿಯ ಬೆರಳಿನಿಂದಲೇ ಹಾಳೆ ತಿರುವಿ ಆಕೆ ಒಂದು ವಚನ ಓದುತ್ತಿದ್ದಳು.

ವರ್ಷದ ಪುಣ್ಯಸ್ಮರಣೆ ಹತ್ತಿರವಾಯಿತು. ಮಕ್ಕಳಿಬ್ಬರೂ ವಾಡಿಯಲ್ಲಿ ನೆಲೆಸಿದವರು. ತಂದೆಯ ಕೈಬರಹಕ್ಕೆ ಒಳ್ಳೆಯ ಕಟ್ಟು ಹಾಕಿಸಿ ಆ ದಿನ ಪೂಜೆಗೆ ಇಡಬೇಕೆಂದು ಅವರು ನಿಶ್ಚಯಿಸಿದರು. ತಾಯಿ ವಹಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಸೇಡಮ್ಮಿನವರೆಗೆ ಬಸ್ಸಿನಲ್ಲಿ, ಅಲ್ಲಿಂದ ಮಳಖೇಡ, ಚಿತ್ತಾಪುರಗಳ ಮೇಲೆ ವಾಡಿಗೆ ರೈಲಿನಲ್ಲಿ ಬಂದಳು.

ಅಂಗಡಿಯವನು ವಹಿಯನ್ನು ಎರಡೂ ಕೈಗಳಲ್ಲಿ ತೆಗೆದುಕೊಂಡು ಕೇಳಿದ: "ಯವ್ವಾ, ಯಾವ ಹಾಳಿ ಕಾಣಸ್ಬೇಕ್ರಿ?"

"ಮೊದಲನೇದು ಹಾಕ್ರಿ. ಅಪ್ಪನ ಅಕ್ಷರ ಅಲ್ಲಿ ಮುತ್ತಿನಂಗ ಅವ," ಎಂದ ಹಿರಿಯ ಮಗ.

ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂಗಡಿಯವನನ್ನೇ ಕೇಳಿದಳು: "ಒಂದು ಹಾಳಿ ಗಾಜಿನ್ಯಾಗ ಇಟ್ರ, ಉಳಿದ ಹಾಳಿ ನಾ ಹ್ಯಾಂಗ ತೆರೀಲಿ ತಮ್ಮಾ?"

"ದಿನಾ ಮುಟ್ಟಿ ಮುಟ್ಟಿ ಹರಿಲಾಕತ್ತದ ಯವ್ವಾ. ಹಿಂಗ ಬಿಟ್ರ ನಿನ್ನ ಮೊಮ್ಮಕ್ಕಳಿಗಿ ಏನೂ ಉಳಿಯಂಗಿಲ್ಲ," ಎಂದ ಮಗನ ಮಾತಿನಲ್ಲಿ ಒರಟುತನವಿರಲಿಲ್ಲ, ಭಯವಿತ್ತು.

ಇಬ್ಬರ ಮಾತೂ ನಿಜ. ಕಾಗದದ ಅಂಚು ಪುಡಿಯಾಗುತ್ತಿತ್ತು. ಮಗನ ಭಯಕ್ಕೆ ಆಧಾರವಿತ್ತು. ಆದರೆ ಗಾಜಿನ ಹಿಂದೆ ಸೇರಿದ ದಿನ ಆ ವಹಿ ಓದುವ ವಸ್ತುವಾಗಿ ಉಳಿಯುವುದಿಲ್ಲವೆಂಬ ತಾಯಿಯ ಸಂಕಟವೂ ಸುಳ್ಳಾಗಿರಲಿಲ್ಲ. ಹಾರ ಹಾಕಿಸಿಕೊಂಡು ಗೋಡೆಯ ಮೇಲೆ ಕೂತ ಚಿತ್ರದೊಡನೆ ಯಾರೂ ಮಾತನಾಡುವುದಿಲ್ಲ.

ಈ ದ್ವಂದ್ವವು ವಚನ ಸಾಹಿತ್ಯದ ಚರಿತ್ರೆಯಲ್ಲಿಯೇ ಇದೆ. ವಚನಗಳನ್ನು ಬರೆದ ಓಲೆಗರಿಗಳನ್ನು ಎರಡು ಹಲಗೆಗಳ ನಡುವೆ ಇಟ್ಟು, ದಾರ ಪೋಣಿಸಿ, ಬಟ್ಟೆಯಲ್ಲಿ ಸುತ್ತಿ ಮಠಮನೆಗಳಲ್ಲಿ ಕಾಪಾಡಿಕೊಂಡು ಬಂದರು. ಅದಕ್ಕೂ 'ಕಟ್ಟು' ಎಂದೇ ಹೆಸರು. ಆ ಭಕ್ತಿಯಿಲ್ಲದಿದ್ದರೆ ಎಷ್ಟೋ ವಚನಗಳು ಗೆದ್ದಲಿನ ಪಾಲಾಗುತ್ತಿದ್ದವು. ಆದರೆ ಅನೇಕ ಕಟ್ಟುಗಳಿಗೆ ಪೂಜೆ ನಡೆಯುತ್ತಿತ್ತು, ಓದು ನಡೆಯುತ್ತಿರಲಿಲ್ಲ. ಡಾ. ಫ.ಗು. ಹಳಕಟ್ಟಿಯವರು (1880-1964) ಊರೂರು ಅಲೆದು ಆ ಕಟ್ಟುಗಳನ್ನು ಬಿಚ್ಚಿ ಓದಿದರು. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದರು. ಇದ್ದ ಮನೆಯನ್ನೂ ಮಾರಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ನಡೆಸಿದರು. ಕಟ್ಟಿಟ್ಟವರೂ ಬೇಕಾಗಿತ್ತು, ಬಿಚ್ಚಿದವರೂ ಬೇಕಾಗಿತ್ತು.

ಅಂಗಡಿಯಲ್ಲಿ ಕಿರಿಯ ಮಗ, ಹಾಳೆಗಳನ್ನೆಲ್ಲ ಬಿಡಿಸಿ ಲ್ಯಾಮಿನೇಶನ್ ಮಾಡಿಸೋಣವೇ ಎಂದು ಕೇಳಿದ. ಅಂಗಡಿಯವನು ಒಪ್ಪಲಿಲ್ಲ. ಅದು ಕಾವು ಕೊಟ್ಟು ಅಂಟಿಸುವ ಕೆಲಸ. ಒಮ್ಮೆ ಅಂಟಿದರೆ ಹಳೆಯ ಕಾಗದವನ್ನು ಮತ್ತೆ ಬಿಡಿಸಲು ಬರುವುದಿಲ್ಲ. ಅವನು ತನ್ನ ಕಾಯಕದ ನಿಯಮಗಳನ್ನು ಹೇಳಿದ. ಕಾಗದವಾಗಲಿ ಫೋಟೋ ಆಗಲಿ ಗಾಜಿಗೆ ತಾಗಬಾರದು. ತಾಗಿದರೆ ಮಳೆಗಾಲದ ತೇವಕ್ಕೆ ಹತ್ತಿಕೊಳ್ಳುತ್ತದೆ. ನಡುವೆ ದಪ್ಪ ರಟ್ಟಿನ ಅಂಚು ಕೊಟ್ಟು ಅಂತರ ಬಿಡಬೇಕು. ಬಟ್ಟೆಯ ವಸ್ತುವಾದರೆ ಅಂಟು ಹಚ್ಚದೆ ನಾಲ್ಕು ಹೊಲಿಗೆ ಹಾಕಿ ನಿಲ್ಲಿಸಬೇಕು. ಪಟ್ಟಿಗಳನ್ನು 45 ಡಿಗ್ರಿಗೆ ಕೊಯ್ದರೆ ಎರಡು ಕೂಡಿ ನೇರ ಮೂಲೆಯಾಗುತ್ತದೆ. ಕೂದಲೆಳೆ ತಪ್ಪಿದರೂ ನಾಲ್ಕನೆಯ ಮೂಲೆ ಬಾಯಿ ಬಿಡುತ್ತದೆ. ಹಿಂಬದಿಗೆ ಕಾಗದದ ಪಟ್ಟಿ ಅಂಟಿಸಿ ಧೂಳು, ಹುಳು ಹೋಗದಂತೆ ಮುಚ್ಚಬೇಕು. ಬಿಸಿಲು ನೇರವಾಗಿ ಬೀಳುವ ಗೋಡೆಗೆ ಹಾಕಲೇಬಾರದು, ಶಾಯಿ ಮಾಸುತ್ತದೆ. ಹೊರಗೆ ಕಾಣದ ಈ ಕೆಲಸಗಳಲ್ಲಿಯೇ ವಸ್ತುವಿನ ಆಯುಷ್ಯವಿದೆ.

ಎಲ್ಲವನ್ನೂ ಕೇಳಿದ ತಾಯಿ ಕೊರಳಿನ ಬೆಳ್ಳಿಯ ಕರಡಿಗೆಯ ಮೇಲೆ ಕೈಯಿಟ್ಟಳು.

"ಇದೂ ಕಟ್ಟಿದ್ದೇ ಅಲ್ಲೇನಪಾ? ದಿನಾ ತೆರೀತೀನಿ, ದಿನಾ ಮುಚ್ಚತೀನಿ. ಲಿಂಗಕ್ಕ ಏನರ ಆಗ್ಯಾದೇನು?"

ಆ ಮಾತಿನಿಂದ ಕೆಲಸದ ದಾರಿ ತೆರೆಯಿತು. ಕರಡಿಗೆಯು ಇಷ್ಟಲಿಂಗವನ್ನು ಕಾಯುತ್ತದೆ. ಆದರೆ ಪೂಜೆಯ ಹೊತ್ತಿಗೆ ಲಿಂಗವು ಅಂಗೈಗೆ ಬರಲೇಬೇಕು. ತೆರೆಯಲಾಗದ ಕರಡಿಗೆಯಿಂದ ಲಿಂಗವಂತನಿಗೆ ಏನು ಪ್ರಯೋಜನ? ಅಂಗಡಿಯವನು ಸಾಗುವಾನಿಯ ಆಳವಾದ ಪೆಟ್ಟಿಗೆಯಂಥ ಚೌಕಟ್ಟು ಮಾಡಿ, ಮುಂದಿನ ಗಾಜಿಗೆ ಬಿಜಾಗರಿ ಕೂಡಿಸಿ, ಒಂದು ಸಣ್ಣ ಕೊಂಡಿ ಹಾಕಿಕೊಡಲು ಒಪ್ಪಿದ. ಒಳಗೆ ವಹಿಯು ಓರೆಯಾಗಿ ತೆರೆದುಕೊಂಡು ಕೂಡುತ್ತದೆ. ಬೇಕೆಂದಾಗ ಹೊರಗೆ ತೆಗೆಯಬಹುದು. ಮೊಮ್ಮಗಳು ಪ್ರತಿ ಹಾಳೆಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು, ದೊಡ್ಡ ಅಕ್ಷರದಲ್ಲಿ ಒಂದು ಪ್ರತಿ ಮಾಡಿಸಿದಳು. ತಾಯಿಯೂ ಒಂದು ಹೆಜ್ಜೆ ಹಿಂದೆ ಸರಿದಳು: ದಿನದ ಓದಿಗೆ ನಕಲು, ಸೋಮವಾರಕ್ಕೆ ಮಾತ್ರ ಮೂಲ. ಆ ದಿನ ಓದಿದ ಹಾಳೆಯೇ ವಾರವೆಲ್ಲ ಗಾಜಿನ ಹಿಂದೆ ಕಾಣಬೇಕು. ಯಾವ ಹಾಳೆಯನ್ನು ಕಾಣಿಸಬೇಕೆಂಬ ಪ್ರಶ್ನೆ ಅಲ್ಲಿಗೆ ಮುಗಿಯಿತು.

ಮುಚ್ಚುವ ಮುನ್ನ ಅಂಗಡಿಯವನು ಹಿಂಬದಿಯ ರಟ್ಟಿನ ಮೇಲೆ ಬರೆದವರ ಹೆಸರು, ಊರು, ಇಸವಿ ಬರೆಯಿಸಿದ. ಹೆಸರಿಲ್ಲದ ಫೋಟೋ ಎರಡು ತಲೆಮಾರಿಗೆ ಅಪರಿಚಿತವಾಗುತ್ತದೆಂಬುದು ಅವನ ಅನುಭವ. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ 1990ರ ದಶಕದ ಉತ್ಖನನದಲ್ಲಿ ಸಿಕ್ಕ ಚಪ್ಪಡಿಯೊಂದರಲ್ಲಿ ರಾಜ ರಾಣಿಯರ ಶಿಲ್ಪವಿದೆ. ಅಲ್ಲಿ ಬ್ರಾಹ್ಮಿ ಲಿಪಿಯಲ್ಲಿ ಕೊರೆದ ಚಿಕ್ಕ ಬರಹವೊಂದು ಉಳಿದದ್ದರಿಂದಲೇ ಆ ರಾಜ ಅಶೋಕನೆಂದು ಲೋಕಕ್ಕೆ ತಿಳಿಯಿತು. ವಚನಗಳನ್ನು ಇಂಥವರದೆಂದು ಗುರುತಿಸುವುದೂ ಕೊನೆಯಲ್ಲಿ ಬರುವ ಅಂಕಿತದಿಂದಲೇ ಅಲ್ಲವೇ?

ಪುಣ್ಯಸ್ಮರಣೆಯ ದಿನ ಆ ಚೌಕಟ್ಟಿಗೆ ಹಾರ ಹಾಕಲಿಲ್ಲ. ಹಾಕಿದ್ದರೆ ಬಾಗಿಲು ತೆರೆಯುತ್ತಿರಲಿಲ್ಲ. ಬಂದ ಬೀಗರು, ನೆಂಟರು ಕೂತ ಮೇಲೆ ತಾಯಿ ಕೊಂಡಿ ತೆಗೆದಳು. ಮೊದಲ ಹಾಳೆಯ ಮುತ್ತಿನಂಥ ಅಕ್ಷರವನ್ನು ದಾಟಿ, ತನ್ನ ಸೊಟ್ಟ ಸಾಲುಗಳಿದ್ದ ಹಾಳೆಯನ್ನು ಹುಡುಕಿ, ಮೇಲಿನ ಸಾಲು ಪತಿಯದು, ಕೆಳಗಿನದು ತನ್ನದೆಂದು ಬೆರಳಿಟ್ಟು ತೋರಿಸಿ ಓದಿದಳು. ಮಕ್ಕಳಿಬ್ಬರಿಗೂ ಅಲ್ಲಿಯವರೆಗೆ ಆ ಹಾಳೆಯ ವಿಷಯವೇ ಗೊತ್ತಿರಲಿಲ್ಲ.

ಶರಣಬಂಧುಗಳ ಮನೆಗಳ ಗೋಡೆಗಳ ಮೇಲೂ ಇಂಥ ಕುರುಹುಗಳಿರುತ್ತವೆ. ಅವುಗಳನ್ನು ಒಮ್ಮೆ ಕೆಳಗಿಳಿಸಿ, ಧೂಳು ಒರೆಸಿ, ಹಿಂದೆ ಹೆಸರು ಬರೆದು, ಮಕ್ಕಳನ್ನು ಹತ್ತಿರ ಕೂಡಿಸಿಕೊಂಡು ಅವು ಯಾರವೆಂದು ಹೇಳಿರಿ. ಮನೆಯಲ್ಲಿ ವಚನದ ಪುಸ್ತಕ ಬಟ್ಟೆಯೊಳಗಿದ್ದರೆ ಇಂದು ಸಂಜೆ ಬಿಚ್ಚಿರಿ.