ಕಿಡಿಯ ಕಾವಲು

ಸಾಗರ ತಾಲ್ಲೂಕಿನ ಹೆಗ್ಗೋಡು ನೀನಾಸಂ ನಾಟಕಗಳಿಂದ ನಾಡಿಗೆಲ್ಲ ಪರಿಚಿತವಾದ ಊರು. ಅದರ ಸುತ್ತಣ ಅಡಿಕೆ ಬೆಳೆಗಾರರ ಮನೆಗಳಲ್ಲಿ ಕೊಟ್ಟಿಗೆಯ ಬಳಿ ಗೋಬರ್ ಗ್ಯಾಸಿನ ಗುಂಡಿಯಿರುವುದು ಅಪರೂಪವಲ್ಲ. ಸಗಣಿಯಿಂದ ಹುಟ್ಟಿದ ಅನಿಲವು ಕೊಳವೆಯಲ್ಲಿ ಹರಿದು ಒಲೆಯನ್ನು ಸೇರುತ್ತದೆ. ಅದೇ ಅಡಿಗೆಮನೆಯ ಗೋಡೆಯ ಮೇಲೆ ವಿದ್ಯುದ್ದೀಪದ ಸ್ವಿಚ್ಚು. ಎರಡೂ ಮನೆಗೆ ಒದಗಿದ ಸೇವಕರೇ. ಆದರೆ ಅವರಿಬ್ಬರ ಭೇಟಿ ಮಾತ್ರ ಆಗಬಾರದು.

ಈ ಅನಿಲದ ಮುಖ್ಯ ಭಾಗ ಮೀಥೇನ್. ಗಾಳಿಯಲ್ಲಿ ಅದು ಸುಮಾರು ಶೇಕಡಾ 5ರಿಂದ 15ರಷ್ಟಿದ್ದರೆ ಆ ಮಿಶ್ರಣವು ಸ್ಫೋಟಿಸಬಲ್ಲದು. ಕಡಿಮೆಯಾದರೆ ಇಂಧನ ಸಾಲದು, ಹೆಚ್ಚಾದರೆ ಗಾಳಿ ಸಾಲದು. ಸಿಲಿಂಡರಿನ ಅನಿಲಕ್ಕಾದರೆ ಸುಮಾರು ಶೇಕಡಾ 2ರಷ್ಟಿದ್ದರೇ ಸಾಕು. ಸ್ವಿಚ್ಚಿನೊಳಗಿನ ಲೋಹದ ತುದಿಗಳು ಕೂಡುವಾಗಲೂ ಅಗಲುವಾಗಲೂ ಸಣ್ಣ ಕಿಡಿಯೊಂದು ಹಾರಬಹುದು. ಅನಿಲ ಸೋರಿದ ಕೋಣೆಯಲ್ಲಿ ದೀಪ ಹಚ್ಚಬಾರದೆಂದು ಬಹುಮಂದಿ ಬಲ್ಲರು. ಉರಿಯುತ್ತಿರುವ ದೀಪವನ್ನು ಆರಿಸುವುದೂ ಅಷ್ಟೇ ಅಪಾಯವೆಂಬುದನ್ನು ಮರೆಯುತ್ತಾರೆ. ಸ್ವಿಚ್ಚನ್ನು ಮುಟ್ಟದೆ, ಅನಿಲವನ್ನು ನಿಲ್ಲಿಸಿ, ಕಿಟಕಿ ಬಾಗಿಲುಗಳನ್ನು ತೆರೆದು ಹೊರಬರುವುದೇ ಸರಿ.

ಮಲೆನಾಡಿನ ಒಲೆಗೆ ಬರುವ ಬಹಳ ಮೊದಲೇ ಈ ಮೀಥೇನ್ ಕಲ್ಲಿದ್ದಲ ಗಣಿಗಳಲ್ಲಿ ಜೀವಗಳನ್ನು ಬಲಿ ತೆಗೆದುಕೊಳ್ಳುತ್ತಿತ್ತು. 1815ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿಯು ಗಣಿಗಾರರ ದೀಪದ ಜ್ವಾಲೆಯ ಸುತ್ತ ಸಣ್ಣ ಕಣ್ಣುಗಳ ತಂತಿಬಲೆಯನ್ನು ಕಟ್ಟಿದನು. ಬಲೆಯು ಬಿಸಿಯನ್ನು ಹೀರುವುದರಿಂದ ಒಳಗಿನ ಉರಿ ಹೊರಗಿನ ಅನಿಲಕ್ಕೆ ಹತ್ತದು. ಎಷ್ಟು ಸರಳವಾದ ಉಪಾಯ! ಮುಂದೆ ಗಣಿಗಳಿಗೆ ವಿದ್ಯುತ್ತು ಬಂದಿತು. ಅದರೊಂದಿಗೆ ಹೊಸ ಕಿಡಿಯೂ ಬಂದಿತು. 1913ರ ಅಕ್ಟೋಬರ್ 14ರಂದು ವೇಲ್ಸ್ ನಾಡಿನ ಸೆಂಗೆನಿದ್ ಗಣಿಯಲ್ಲಿ ಸ್ಫೋಟವಾಗಿ 439 ಗಣಿಗಾರರು ಮಡಿದರು. ಸಂಕೇತ ಕೊಡುವ ವಿದ್ಯುತ್ ಗಂಟೆಯ ಕಿಡಿಯೇ ಕಾರಣವಿರಬಹುದೆಂಬ ಶಂಕೆ ಹುಟ್ಟಿತು. ಅಷ್ಟು ಅಲ್ಪವಾದ ಕಿಡಿ! ಅನಿಲವನ್ನು ಹೊತ್ತಿಸುವಷ್ಟು ಶಕ್ತಿಯೇ ಇಲ್ಲದಂತೆ ವಿದ್ಯುನ್ಮಂಡಲಗಳನ್ನು ರೂಪಿಸುವ ವಿದ್ಯೆ ಇಂತಹ ದುರಂತಗಳ ವಿಚಾರಣೆಯಿಂದಲೇ ಬೆಳೆಯಿತು.

ಮೋಟಾರಿನಂತಹ ಯಂತ್ರಗಳಿಗೆ ಹೆಚ್ಚು ಶಕ್ತಿ ಬೇಕು. ಅಲ್ಲಿ ಕಿಡಿಯನ್ನು ಬಡವಾಗಿಸಲಾಗದು. ಅದಕ್ಕೆ ಬೇರೆ ದಾರಿಯಿದೆ. ಪೆಟ್ರೋಲ್ ಬಂಕಿನ ಪಂಪಿನೊಳಗೆ ಹಲವು ಬೋಲ್ಟುಗಳಿಂದ ಬಿಗಿದ ದಪ್ಪ ಲೋಹದ ಪೆಟ್ಟಿಗೆಗಳಿರುತ್ತವೆ. ಪೆಟ್ರೋಲಿನ ಆವಿ ಒಳಗೆ ಹೋಗದಂತೆ ತಡೆಯುವುದಕ್ಕೆ ಅವು ಇವೆಯೆಂದು ತೋರುವುದು ಸಹಜ. ವಾಸ್ತವವು ಹಾಗಲ್ಲ. ಆವಿ ಒಳಗೆ ನುಸುಳಬಹುದು, ಕಿಡಿ ತಗುಲಿ ಸ್ಫೋಟಿಸಲೂಬಹುದು. ಆ ಹೊಡೆತವನ್ನು ಪೆಟ್ಟಿಗೆಯೇ ತಾಳಿಕೊಳ್ಳುತ್ತದೆ. ಪೆಟ್ಟಿಗೆಗೂ ಮುಚ್ಚಳಕ್ಕೂ ನಡುವಣ ಅತಿ ಕಿರಿದಾದ ಸಂದಿನಲ್ಲಿ ಹೊರಬರುವ ಬಿಸಿ ಅನಿಲವು ಲೋಹಕ್ಕೆ ತನ್ನ ಕಾವನ್ನು ಕೊಟ್ಟು ತಣಿಯುತ್ತದೆ. ಡೇವಿಯ ಬಲೆಯೇ ಇಲ್ಲಿ ಬೇರೆ ರೂಪ ತಾಳಿದೆ.

ನಮ್ಮ ದೇಶದಲ್ಲಿ ಇಂತಹ ಉಪಕರಣಗಳನ್ನು ಧನಬಾದಿನ ಕೇಂದ್ರೀಯ ಗಣಿ ಮತ್ತು ಇಂಧನ ಸಂಶೋಧನಾ ಸಂಸ್ಥೆಯಲ್ಲಿ ಪರೀಕ್ಷಿಸುತ್ತಾರೆ. ಅಲ್ಲಿ ಗೆದ್ದ ಪೆಟ್ಟಿಗೆಯೂ ಒಂದು ಬೋಲ್ಟು ಕಳೆದುಹೋದರೆ, ತಂತಿಗಾಗಿ ಯಾರೋ ಹೊಸ ರಂಧ್ರವನ್ನು ಕೊರೆದರೆ ನಂಬಿಕೆಗೆ ತಕ್ಕುದಾಗಿ ಉಳಿಯದು. ಆದ್ದರಿಂದಲೇ ಮುಚ್ಚಳ ತೆಗೆಯುವ ಮೊದಲು ವಿದ್ಯುತ್ತನ್ನು ನಿಲ್ಲಿಸಬೇಕು. ಕೆಲಸ ಮುಗಿದ ಮೇಲೆ ತೆಗೆದ ಬೋಲ್ಟುಗಳನ್ನು ಒಂದನ್ನೂ ಬಿಡದೆ ಎಣಿಸಿ ಮತ್ತೆ ಬಿಗಿಯಬೇಕು.